ಅಣ್ಣನ ನಾಸ್ತಿಕವಾದ ಮತ್ತು ನನ್ನ ಎಡಗಡೆ ಹೂವು

ನಮ್ಮ ಜಿಲ್ಲೆಯಲ್ಲಿ ದೇವರ ಬಗ್ಗೆ ಅತಿ ಹೆಚ್ಚು ಮಾತಾಡಿರುವವನು ನಮ್ಮಣ್ಣ. ಪೂಜಾರಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅವನು ಮಾತಾಡುವುದೆಲ್ಲ ದೇವರಿಲ್ಲ ಎಂದು, ಅಷ್ಟೇ.

ಗುಂಡ್ಲುಪೇಟೆಯಲ್ಲಿ ಅವನದು ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ. ಮೋಟರ್ ಸುಟ್ಟುಕೊಂಡು ಬಂದ ರೈತರು ಪಾಪ ಎಲ್ಲಿಗೆ ಹೋಗುತ್ತಾರೆ? ಕೆಲಸ ಮುಗಿಯುವವರೆಗೂ ಇವನ ವಾದ ಕೇಳಲೇಬೇಕು. ಒಮ್ಮೆ ಕುದೇರಿನ ಹಿರಿಯರೊಬ್ಬರು, "ಮೋಟರ್ ಅಂದ್ಮೇಲೆ ಸುತ್ತಿದವನೊಬ್ಬ ಇರ್ತಾನೆ. ಲೋಕ ಅಂದ್ಮೇಲೂ ಇರ್ಬೇಕಲ್ವೇನ್ಲಾ?" ಎಂದು ಕೇಳಿಬಿಟ್ಟರು. ಅಣ್ಣ ತಲೆ ಎತ್ತಲಿಲ್ಲ. "ಇರ್ಲಿ ಬುಡಿ. ನಿಮ್ ಮೋಟರ್ ಸುಟ್ಟೋಯ್ತು, ನನ್ನತ್ರ ತಂದ್ರಿ. ಲೋಕ ಸುಟ್ಟೋದ್ರೆ ಎಲ್ಲಿಗೆ ತಗೊಂಡೋಗನ? ಅವನ ಅಂಗಡಿ ಎಲ್ಲೈತೆ ಏಳಿ."

ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಚಾಮರಾಜನಗರದ ಗಂಡನ ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ವಾದ ಮಾಡಲು ಬಾರದು, ಭಕ್ತಿಯಂತೂ ಬೇಕಾದಷ್ಟಿದೆ. "ಇದ್ರೂ ಇಲ್ದಿದ್ರೂ ಒಂದು ಕೈ ಮುಗಿದ್ರೆ ನಿಂಗೇನ್ ಕಳ್ಕೊಳೋದು?" ಎಂದೆ ಒಂದು ಸಲ. ನನ್ನ ಪಾಲಿಗೆ ಅದು ಬಲವಾದ ವಾದವೇ. "ಲಾಭಕ್ಕೆ ಮುಗಿತಾವ್ನೆ ಅಂತ ಅವನಿಗೆ ಗೊತ್ತಾಗಲ್ವಾ? ಗೊತ್ತಾಗ್ದಿರೋ ಪೆದ್ದ ಆಗಿದ್ರೆ ಅವನಿಗ್ಯಾಕೆ ಮುಗೀಲಿ?" ಎಂದ. ನಾನು ರವಿಕೆಗೆ ಕಾಜಾ ಹೊಲಿಯಲು ಕೂತೆ.

ಹೀಗಿರುವಾಗ ನನ್ನ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಈಗಲೇ ತೆಗೆದರೆ ಸುಲಭ, ಬಿಟ್ಟರೆ ಜೀವಕ್ಕೆ ಅಪಾಯ ಎಂದರು ಡಾಕ್ಟರಮ್ಮ. ನನಗೋ ಸೂಜಿ ಎಂದರೆ ಪ್ರಾಣ ಹೋಗುತ್ತದೆ. ದಿನವೆಲ್ಲ ಸೂಜಿ ಹಿಡಿದಿರುವವಳಿಗೆ ಇದೆಂಥ ಭಯ ಎಂದು ನೀವು ನಗಬಹುದು. ಬಟ್ಟೆ ಕಿರುಚುವುದಿಲ್ಲವಲ್ಲ! "ಅಮ್ಮನವರನ್ನ ಕೇಳ್ದೆ ನಾನು ಒಪ್ಪಲ್ಲ" ಎಂದು ಹಟ ಹಿಡಿದೆ.

ಹರವೆಯ ಹತ್ತಿರದ ನಮ್ಮ ತವರೂರಿನ ದೇವತೆ ಈ ಅಮ್ಮ ಹೂವು ಕೊಡುತ್ತಾಳೆ. ಒದ್ದೆ ಹೂಗಳನ್ನು ಮೂರ್ತಿಯ ಎರಡೂ ಭುಜಕ್ಕೆ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಬೇಕು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. "ನೀರು ಆರಿದ ಕಡೆ ಬೀಳ್ತದೆ, ಅದ್ರಾಗೇನೈತೆ?" ಎಂದು ಅಣ್ಣ ಮೊದಲಿನಿಂದಲೂ ಹಂಗಿಸುತ್ತಿದ್ದ. ಕಾಲು ಸೋಲುವವರೆಗೆ ಭಕ್ತರನ್ನು ಕಾಯಿಸುವ ತಾಯಿ, ಅಂದು ನಾನು "ಆಪರೇಷನ್ ಮಾಡಿಸ್ಕೊಳ್ಳಲಾ" ಎನ್ನುವಷ್ಟರಲ್ಲೇ ಬಲಗಡೆ ಹೂವನ್ನು ಬೀಳಿಸಿಬಿಟ್ಟಳು.

"ಗಾಳಿಗೆ ಬಿತ್ತೇನೋ," ಎಂದೆ.

"ಗರ್ಭಗುಡೀಲಿ ಎಲ್ ಗಾಳಿ ಕಣಮ್ಮಿ?" ಎಂದರು ಪೂಜಾರಪ್ಪ.

"ನೀರು ಆರಿರ್ಬೇಕು."

ಪೂಜಾರಪ್ಪ ನನ್ನನ್ನೇ ದಿಟ್ಟಿಸಿದರು. ಅಣ್ಣನ ವಾದಗಳು ಜೀವನದಲ್ಲಿ ಮೊದಲ ಬಾರಿಗೆ ನನ್ನ ಉಪಯೋಗಕ್ಕೆ ಬಂದಿದ್ದವು. ಮತ್ತೆ ಕೇಳಿದೆ. ಮತ್ತೆ ಬಲ. ದೇವರಿಲ್ಲ ಎನ್ನುವ ಅಣ್ಣನಾದರೂ ದೇವರ ಮಾತನ್ನು ತಿರುಚಿದವನಲ್ಲ. ಭಕ್ತೆಯಾದ ನಾನು ಮನೆಗೆ ಬಂದು, "ಎಡಕ್ಕೆ ಬಿತ್ತು, ಅಮ್ಮ ಬೇಡ ಅಂದ್ಲು" ಎಂದೆ.

ಅಣ್ಣ ನಕ್ಕು ಸುಮ್ಮನಾಗುತ್ತಾನೆ ಎಂದುಕೊಂಡಿದ್ದೆ. ಅವನು ಅಂಗಡಿಗೆ ಬೀಗ ಹಾಕಿ ಚಾಮರಾಜನಗರಕ್ಕೆ ಬರತೊಡಗಿದ. "ಗಡ್ಡೆ ಕೊಟ್ಟೋಳೂ ಅವಳೇ, ತೆಗಿಬೇಡ ಅನ್ನೋಳೂ ಅವಳೇ ಆದ್ರೆ ಅದೆಂಥ ತಾಯಿ? ತಾಯಿ ಆಗಿದ್ರೆ ಹಿಂಗನ್ನಲ್ಲ. ಅಂದವ್ಳೆ ಅಂದ್ರೆ ಅವಳು ಇಲ್ಲ. ಯೋಚ್ನೆ ಮಾಡು ಕಣವ್ವ." ಅವನ ಧ್ವನಿಯಲ್ಲಿ ಅಂಗಡಿಯ ಗೆಲುವಿರಲಿಲ್ಲ. ಬಂದಾಗಲೆಲ್ಲ ಇನ್ನೂ ಸ್ವಲ್ಪ ಸೊರಗಿರುತ್ತಿದ್ದ. ನಾನು ಸುಳ್ಳನ್ನು ನುಂಗಿಕೊಂಡು ಅವನಿಗೆ ಕಾಫಿ ಕೊಡುತ್ತಿದ್ದೆ.

ಕೊನೆಗೆ ತಪ್ಪೊಪ್ಪಿಕೊಳ್ಳೋಣ ಎಂದು ಅಮ್ಮನವರ ಗುಡಿಗೆ ಹೋದೆ. ಅಣ್ಣನಿಗಲ್ಲ, ಅಮ್ಮನವರಿಗೆ. ಕಲ್ಲಿನ ಅಮ್ಮ ಬೈಯುವುದಿಲ್ಲವಲ್ಲ. ಬಾಗಿಲ ಹತ್ತಿರ ಹೋದರೆ ಒಳಗಿನಿಂದ ಅಣ್ಣನ ದನಿ. ವಾದ ಮಾಡಲು ಇಲ್ಲಿಗೂ ಬಂದನೇ ಎಂದು ಇಣುಕಿದೆ. ಗ್ರೀಸು ಹತ್ತಿದ ಕೈಗಳನ್ನು ಜೋಡಿಸಿಕೊಂಡು ನಿಂತಿದ್ದ.

"ನೀನಿಲ್ಲ ಅನ್ನೋದ್ರಾಗೆ ನಂಗೆ ಅನುಮಾನ ಇಲ್ಲ. ಆದ್ರೆ ನನ್ ತಂಗಿ ನನ್ ಮಾತು ಕೇಳಲ್ಲ, ನಿನ್ ಮಾತು ಕೇಳ್ತಾಳೆ. ಬಲಕ್ಕೊಂದು ಹೂವ ಬುಡು. ನಾನು ಸೋತೆ ಅಂತ ಗುಂಡ್ಲುಪೇಟೆ ತುಂಬಾ ಏಳ್ಕಂಡು ತಿರುಗ್ತೀನಿ."

ಹೂವು ಅಲ್ಲಾಡಲಿಲ್ಲ. ಪೂಜಾರಪ್ಪ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಅಣ್ಣ ಜೋಡಿಸಿದ ಕೈ ಇಳಿಸದೆ ಕಾಯುತ್ತಲೇ ಇದ್ದ.

"ಅಣ್ಣ," ಎಂದೆ. "ಅವಳು ಆವತ್ತೇ ಬಲಕ್ಕೆ ಕೊಟ್ಟವ್ಳೆ. ಎರಡು ಸಲ. ಎದರ್ಕಂಡು ನಾನೇ ಸುಳ್ಳೇಳ್ದೆ."

ಅವನು ತಿರುಗಿ ನೋಡಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಟವೆಲಿನಿಂದ ಮುಖ ಒರೆಸಿಕೊಂಡು, "ಚಪ್ಲಿ ಆಕ್ಕೊ. ಆಸ್ಪತ್ರೆಗೆ ಓಗನ," ಎಂದನಷ್ಟೆ.

ಚಾಮರಾಜನಗರದವರೆಗೂ ಬೈಕಿನಲ್ಲಿ ಅವನು ದೇವರ ಮಾತನ್ನೇ ಎತ್ತಲಿಲ್ಲ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಗಾಡಿ ನಿಧಾನ ಮಾಡಿ, ಹಿಂದೆ ತಿರುಗದೆಯೇ, "ನೋವಾಯ್ತಾ?" ಎಂದು ಕೇಳುತ್ತಿದ್ದ.