ಒಂಬತ್ತೂವರೆಯ ಫೋನು

ಹೆಂಡತಿ: ಇನ್ನೊಂದ್ಸಲ ಓದಿ. ಯಾರಿಗೆ ಫೋನು ಮಾಡ್ತೀನಿ ಅಂತ ಬರೆದಿದ್ದೀರಿ?

ಗಂಡ: "ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಸಾಧಾರಣ ಗೃಹಬಳಕೆದಾರರನ್ನು ವಿಚಾರಿಸಿ..."

ಹೆಂಡತಿ: ಆ ಸಾಧಾರಣ ಅನ್ನೋದು ನಾನೇನಾ?

ಗಂಡ ಕಾಗದ ಮಡಚಿದ. ಅವನು ಕೆಲಸ ಮಾಡುತ್ತಿದ್ದ ಊರಿನ ವಿದ್ಯುತ್ ಕಚೇರಿಯೂ ಅಕ್ಕಪಕ್ಕದ ನಾಲ್ಕು ಊರಿನವೂ ಒಟ್ಟಾಗಿ ಕರೆಂಟು ಕೊಳ್ಳುತ್ತಿದ್ದವು. ನಾಳೆಗೆ ಎಷ್ಟು ಬೇಕೆಂದು ಪ್ರತಿ ಊರೂ ಇವತ್ತೇ ಹತ್ತು ಗಂಟೆಯೊಳಗೆ ತಿಳಿಸಬೇಕು. ಆರು ತಿಂಗಳಿಂದ ಇವನ ಅಂದಾಜು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅದರ ಗುಟ್ಟೇನೆಂದು ನಾಳಿನ ಐದೂರ ಸಭೆಯಲ್ಲಿ ಹೇಳಬೇಕಿತ್ತು; ಅದಕ್ಕೆಂದೇ ಈ ಕಾಗದ ಬರೆದಿದ್ದ. ಕೂಸು ಹುಟ್ಟಿದಾಗಿನಿಂದ ಬರುತ್ತಿದ್ದ ಆ ಫೋನನ್ನು ಅವಳು ಮಾತ್ರ, ಕೈಯಲ್ಲಿದ್ದ ಕೆಲಸ ಬಿಟ್ಟು, ಪ್ರೀತಿಯೆಂದೇ ಎತ್ತುತ್ತಿದ್ದಳು.

ಹೆಂಡತಿ: "ಸೆಕೆ ಆಗ್ತಿದೆಯೇನೇ ಚಿನ್ನ" ಅಂತಿದ್ದದ್ದು?

ಗಂಡ: ಫ್ಯಾನು.

ಹೆಂಡತಿ: "ಬಟ್ಟೆ ಒಣಗಿತಾ" ಅಂತಿದ್ದದ್ದು?

ಗಂಡ: ಮೋಡ ಇದ್ರೆ ತಾಯಂದಿರೆಲ್ಲಾ ಲಂಗೋಟಿಗೆ ಇಸ್ತ್ರಿ ಹಾಕ್ತಾರಲ್ಲ, ಅದಕ್ಕೆ.

ಹೆಂಡತಿ: "ಬೆನ್ನಿಗೆ ಬಿಸಿನೀರು ಹುಯ್ಕೊಂಡ್ಯಾ" ಅಂತಿದ್ದದ್ದು?

ಗಂಡ: ಗೀಸರು. ಆದ್ರೆ ಬೆನ್ನೂ ಸ್ವಲ್ಪ ಮನಸ್ಸಲ್ಲಿತ್ತು ಕಣೇ.

ಹೆಂಡತಿ: ಎಷ್ಟು ಯೂನಿಟ್ಟು ಬಂತು ನನ್ನ ಬೆನ್ನು?

ತೊಡೆಯ ಮೇಲಿದ್ದ ಲಂಗೋಟಿಯನ್ನು ಅದೇ ತಪ್ಪು ಮಾಡಿದ ಹಾಗೆ ಜಗ್ಗಿ ಮಡಚಿದಳು.

ಹೆಂಡತಿ: ಹಾಗಾದ್ರೆ ಕೇಳಿಸ್ಕೊಳ್ಳಿ. ನಾನು ಹೇಳಿದ್ದೆಲ್ಲಾ ಸುಳ್ಳು! ಸೆಕೇಲಿ ಬೆಂದುಹೋಗಿದ್ರೂ "ಪರವಾಗಿಲ್ಲ" ಅಂತಿದ್ದೆ. ನೀವು ಗೊರಕೆ ಹೊಡೀವಾಗ ಕೂಸು ರಾತ್ರಿಯೆಲ್ಲಾ ಎಬ್ಬಿಸಿದ್ರೂ "ಒಳ್ಳೇ ನಿದ್ದೆ ಬಂತು" ಅಂತಿದ್ದೆ. ಪಾಪ, ಆಫೀಸಲ್ಲಿ ಚಿಂತೆ ಹಚ್ಕೋಬಾರದು ಅಂತ. ಈಗ ಹೇಳಿ, ಲೆಕ್ಕ ಹೇಗೆ ಸರಿಹೋಯ್ತು?

ಗಂಡ: ಗೊತ್ತಿತ್ತು.

ಹೆಂಡತಿ: ಏನು ಗೊತ್ತಿತ್ತು?

ಗಂಡ: ನೀನು "ಪರವಾಗಿಲ್ಲ" ಅಂದ್ರೆ ನೂರಕ್ಕೆ ಐದು ಸೇರಿಸ್ತೀನಿ. "ಒಳ್ಳೇ ನಿದ್ದೆ" ಅಂದ್ರೆ ಎಂಟು, ಕೂಸಿರೋ ಮನೇಲೆಲ್ಲಾ ರಾತ್ರಿಯಿಡೀ ಲೈಟು ಉರಿಯುತ್ತಲ್ಲ. ಉಳಿದ ಊರಿನವರಿಗೆ ಹೊಳೀದೆ ಇರೋದು ಇದೊಂದೇ.

ಅವಳಿಗೆ ನಗು ಬಂತು. ಬಂದ ನಗು ತುಟಿಯ ಹತ್ತಿರ ನಿಂತೇ ಬಿಟ್ಟಿತು.

ಹೆಂಡತಿ: ಅಲ್ಲಾ ರೀ, ನನಗೆ ನಿದ್ದೆ ಇಲ್ಲ ಅಂತ ಗೊತ್ತಿದ್ದೂ ಊರಿಗೆಲ್ಲಾ ಕರೆಂಟು ತರಿಸಿದ್ರಿ. ಒಂದು ರಾತ್ರಿ ಎದ್ದು ಕೂಸನ್ನ ಎತ್ಕೊಳ್ಳೋಕೆ ಆಗಲಿಲ್ವಾ?

ಗಂಡ ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ.

ಗಂಡ: ಈಗ... ಸಭೇಲಿ ಏನಂತ ಹೇಳಲಿ?

ಹೆಂಡತಿ: ನಿಜಾನೇ ಹೇಳಿ. ಆ ನಾಲ್ಕೂರಿನ ಗಂಡಂದಿರೂ ದಿನಾ ಮನೆಗೊಂದು ಫೋನು ಮಾಡೋದು ಕಲೀಲಿ.

ಕೂಸನ್ನು ಅವನ ತೋಳಿಗೆ ಕೊಟ್ಟು, ದಿಂಬು ಎತ್ತಿಕೊಂಡು, ಒಳಕೋಣೆಯ ಬಾಗಿಲಲ್ಲಿ ತಿರುಗಿ ನಿಂತಳು.

ಹೆಂಡತಿ: ಹಾಲು ಕುಡಿಸಾಗಿದೆ. ಬೆಳಗಿನ ತನಕ ಈ ಲೈನಿಗೆ ಪವರ್ ಕಟ್!