ಎಂ.ಸಿ. ಹಸಿವು ಮತ್ತು ಮೀನೂಟದ ಹೋಟೆಲು

ಹಿಪ್ ಹಾಪ್ ಆಲ್ಬಮ್ ಮಾಡುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ಮರವಂತೆಯಲ್ಲಿರುವ ಅಪ್ಪಯ್ಯನ ಮೀನೂಟದ ಹೋಟೆಲಿನಲ್ಲಿ ಬೆಳೆದವನು ನಾನು. ಗಿರಾಕಿ ಕುರ್ಚಿ ಎಳೆದು ಕೂರುವುದರೊಳಗೆ ಬಂಗುಡೆ, ಅಂಜಲ್, ಕಾಣೆ, ಸಿಗಡಿ ಎಂದು ಒಂದೇ ಉಸಿರಿಗೆ ಹೇಳಿ, ಫ್ರೈಯೋ ಸಾರೋ ಎಂದೂ ಕೇಳಿ ಮುಗಿಸುವ ನಾಲಗೆ ನನ್ನದು. ಇದನ್ನೇ ತಾಳಕ್ಕೆ ಸರಿಯಾಗಿ ಹೇಳಿದರೆ ರ‍್ಯಾಪ್ ಆಗುತ್ತದೆ. ಇಷ್ಟು ಸಣ್ಣ ವಿಷಯ ನನಗಿಂತ ಮೊದಲು ನಮ್ಮ ಕಡೆಯ ಯಾರಿಗೂ ಹೊಳೆದಿಲ್ಲವಲ್ಲ ಎಂದು ಅವರ ಮೇಲೆ ಕನಿಕರವೂ ಆಯಿತು.

ಬೈಂದೂರಿನಲ್ಲಿ ನನ್ನ ಗೆಳೆಯ ಪ್ರದೀಪನ ಸ್ಟುಡಿಯೋ ಇದೆ. ಭಜನೆ, ಚುನಾವಣೆ ಪ್ರಚಾರ, ಕಬಡ್ಡಿ ಪಂದ್ಯದ ಪ್ರಕಟಣೆ ಎಲ್ಲವೂ ಅಲ್ಲೇ ರೆಕಾರ್ಡ್ ಆಗುವುದು. ಅವನು ನನ್ನ ಮೀನಿನ ರ‍್ಯಾಪ್ ಪೂರ್ತಿ ಕೇಳಿ, ವೈದ್ಯರ ಹಾಗೆ ತಲೆ ಅಲ್ಲಾಡಿಸಿದ.

"ಸತೀಶ, ಇದ್ರಲ್ಲಿ ಬೀದಿ ಇಲ್ಲೆ ಮಾರಾಯ. ರ‍್ಯಾಪ್ ಅಂದ್ರೆ ಬೀದಿಯಿಂದ ಬರ್ಕ್. ಕಷ್ಟ ಬೇಕ್. ನೀನ್ ಎಂತ ಕಷ್ಟ ಕಂಡಿದ್ದೆ, ಹೇಳ್ ಕಾಂಬ."

ನಾನು ಬಹಳ ಹೊತ್ತು ಯೋಚಿಸಿದೆ. ಕಷ್ಟ ನೆನಪಾಗಲಿಲ್ಲ. ಬೀದಿಯ ವಿಷಯದಲ್ಲೂ ನಾನು ನತದೃಷ್ಟನೇ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಇರುವುದು ಹೆದ್ದಾರಿ. ಅಂಥ ಬೀದಿಯಲ್ಲಿ ಬೆಳೆಯಲು ಹೊರಟವನು ಮುಂದಿನ ಲಾರಿ ಬರುವವರೆಗೆ ಮಾತ್ರ ಬೆಳೆಯುತ್ತಾನೆ.

ಆದ್ದರಿಂದ ಬೀದಿಯನ್ನು ಹುಡುಕಿಕೊಂಡು ಕುಂದಾಪುರಕ್ಕೆ ಹೋದೆ. ಕುತ್ತಿಗೆಗೆ ದಪ್ಪ ಸರ, ಕಣ್ಣಿಗೆ ಕಪ್ಪು ಕನ್ನಡಕ. ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ, ಸಮಾಜದ ಮೇಲೆ ಸಿಟ್ಟು ಬಂದವನ ಹಾಗೆ ನಿಂತೆ. ಒಬ್ಬರು ಸ್ಕೂಟರ್ ನಿಲ್ಲಿಸಿ, "ಹೋಟ್ಲಿನ ನಾರಾಯಣಣ್ಣನ ಮಗ ಅಲ್ದಾ? ಬಸ್ ತಪ್ತಾ? ಹತ್ತ್, ಬಿಡ್ತೆ" ಎಂದರು. ಬೇಡವೆಂದರೆ ಅಪ್ಪಯ್ಯನಿಗೆ ದೂರು ಹೋಗುತ್ತದೆ. ಹತ್ತಿದೆ. ಮರುದಿನ ಮೀನು ಮಾರುಕಟ್ಟೆಯಲ್ಲಿ ಆಲ್ಬಮ್ಮಿನ ಮುಖಪುಟದ ಫೋಟೋಕ್ಕೆ ಮುಖ ಗಂಟು ಹಾಕಿ ನಿಂತರೆ, ನಮ್ಮ ಹೋಟೆಲಿಗೆ ಮೀನು ಕೊಡುವ ಅಕ್ಕ, "ಹೊಟ್ಟಿ ನೋವಾ ಮಗಾ? ಬೆಳಿಗ್ಗೆ ಉಂಡಿದ್ಯಾ ಇಲ್ಯಾ?" ಎಂದು ಕೇಳಿ ಒಂದು ಹಿಡಿ ಬಂಗುಡೆ ಕಟ್ಟಿಕೊಟ್ಟಳು. ಕುಂದಾಪುರದಲ್ಲಿ ಅನಾಥನಾಗುವುದು ಅಷ್ಟು ಸುಲಭವಲ್ಲ.

ಕೊನೆಗೆ ಕಷ್ಟವನ್ನು ಕಲ್ಪಿಸಿಕೊಳ್ಳುವುದೆಂದು ತೀರ್ಮಾನವಾಯಿತು. ನನ್ನ ಕಲಾನಾಮ ಎಂ.ಸಿ. ಹಸಿವು. ಎಂ.ಸಿ. ಎಂದರೆ ಏನೆಂದು ನನಗೂ ತಿಳಿದಿರಲಿಲ್ಲ, ಎಲ್ಲ ರ‍್ಯಾಪರ್‌ಗಳೂ ಹಾಕಿಕೊಳ್ಳುತ್ತಾರೆಂದು ಹಾಕಿಕೊಂಡೆ. ಮುಖ್ಯ ಹಾಡು ಹೀಗೆ ಶುರುವಾಗುತ್ತಿತ್ತು:

ಹಸ್ದ್ ಹಸ್ದ್ ಬೆಳ್ದವ ನಾನ್,
ಬಟ್ಲ್ ಬಡ್ದ್ ಅತ್ತವ ನಾನ್,
ಅಪ್ಪಯ್ಯ ಹೊತ್ಸಿದ್ ಒಲಿ ಊರಿಗೆ,
ನಂಗ್ ಮಾತ್ರ ಬೂದಿ!

ನನ್ನ ಹೆಂಡತಿ ಶೈಲ ಅಕ್ಕಿ ಆರಿಸುತ್ತಾ ಕೇಳಿದಳು. ಕೈ ನಿಂತಿತು. "ಹ್ವಾಯ್, ಇದನ್ ಅಪ್ಪಯ್ಯ ಕೇಂಡ್ರೆ ಎಂತ ಹೇಳೂದ್?"

"ಇದು ಕಲೆ. ಇಲ್ಲಿ ಬರುವ ಅಪ್ಪಯ್ಯ ನಮ್ಮ ಅಪ್ಪಯ್ಯ ಅಲ್ಲ, ಸಮಾಜ" ಎಂದೆ.

"ಸಮಾಜ ಹೋಟ್ಲ್ ಮಡಿಕಂಡಿತ್ತಾ?" ಎಂದು ಕೇಳಿ ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಕಲಾವಿದರ ಹೆಂಡಂದಿರಿಗೆ ಕಲೆ ಅರ್ಥವಾಗುವುದಿಲ್ಲ ಎಂದು ನಾನು ಒಳಗೊಳಗೇ ನೊಂದುಕೊಂಡೆ.

ಪ್ರದೀಪನಿಗೆ ಮಾತ್ರ ಇನ್ನೊಂದು ಚಿಂತೆ. ಬರೀ ಕಷ್ಟ ಹೇಳಿದರೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಹಾಡು ಬದುಕುವುದು ಮದುವೆ ಮುಂಚಿನ ಮೆಹಂದಿ ಕಾರ್ಯಕ್ರಮದಲ್ಲಿ. ಅಲ್ಲಿ ಡಿಜೆ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಬೀದಿಯವ್ರ್ ನಂಬ್ಕ್, ಮೆಹಂದಿಯವ್ರ್ ಕುಣಿಕ್. ಎರ್ಡೂ ಆಯ್ಕ್" ಎಂದು ಹೇಳಿ, ನಂಬುವುದೂ ಕುಣಿಯುವುದೂ ಎರಡೂ ಆಗಲೇಬೇಕೆಂದು ನನ್ನ ಹಸಿವಿನ ಕೆಳಗೆ ಸತ್ತವರೂ ಎದ್ದು ಕುಣಿಯುವಂಥ ತಾಳ ಹಾಕಿದ. ಕೇಳಿ ನನಗೇ ಭುಜ ಅಲ್ಲಾಡಿತು. ಸಮತೋಲನ ಸಾಧಿಸಿದೆವು ಎಂದು ಇಬ್ಬರೂ ಕೈ ಕುಲುಕಿದೆವು.

ಬಿಡುಗಡೆಗೆ ಸೋದರಮಾವನ ಮಗಳ ಮೆಹಂದಿಯೇ ಸಿಕ್ಕಿತು. ಬ್ರಹ್ಮಾವರದ ದೊಡ್ಡ ಹಾಲ್. ಕುಟುಂಬದಲ್ಲಿ ಯಾರ ಮನೆಯ ಕಾರ್ಯವಿದ್ದರೂ ಅಡುಗೆಯ ಉಸ್ತುವಾರಿ ಅಪ್ಪಯ್ಯನದೇ. ಅವತ್ತೂ ಹೋಟೆಲಿಗೆ ರಜೆ ಹಾಕಿ ಬಂದು, ಸಂಜೆಯಿಂದ ಅನ್ನದ ಪಾತ್ರೆಯ ಹಿಂದೆ ತಾವೇ ಸೌಟು ಹಿಡಿದು ನಿಂತಿದ್ದರು. ಬಡಿಸುವ ಹುಡುಗರ ಮೇಲೆ ಅವರಿಗೆ ನಂಬಿಕೆ ಇಲ್ಲ. ಯಾರ ತಟ್ಟೆಯಲ್ಲಾದರೂ ಅನ್ನ ಕಡಿಮೆ ಕಂಡರೆ ಕರೆದು ಹಾಕುತ್ತಾರೆ.

ನಾನು ಕೋಳಿ ಸುಕ್ಕದ ತಟ್ಟೆ ಹಿಡಿದು ನಿಂತಿದ್ದಾಗ ಡಿಜೆ ನಮ್ಮ ಹಾಡಿನ ತಾಳ ಶುರುಮಾಡಿದ. ತಟ್ಟೆ ಇಡಲು ಜಾಗ ಸಿಗದೆ ಹಾಗೆಯೇ ವೇದಿಕೆ ಹತ್ತಿದೆ. ಹಸಿವಿನ ಬಗ್ಗೆ ಹಾಡುತ್ತಿರುವವನ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಸುಕ್ಕ. ಅಂಗಿಯ ಗುಂಡಿಗಳು ನನ್ನ ಹೊಟ್ಟೆಯನ್ನು ತಡೆದು ಹಿಡಿಯಲು ಪ್ರಾಮಾಣಿಕವಾಗಿ ಹೋರಾಡುತ್ತಿದ್ದವು. ಜನ ಬಿದ್ದು ಬಿದ್ದು ನಕ್ಕರು. ಬೀದಿಯ ಗೌರವ ಅಲ್ಲಿಗೇ ಮುಗಿಯಿತು. ಆದರೆ ಕುಣಿದರು. ಹೇಗೆ ಕುಣಿದರೆಂದರೆ, ಎರಡನೇ ಸಲಕ್ಕೆ ಇಡೀ ಹಾಲ್ ನನ್ನ ಜೊತೆ ಸೇರಿ "ನಂಗ್ ಮಾತ್ರ ಬೂದಿ" ಎಂದು ಕೂಗುತ್ತಿತ್ತು.

ಹಾಡು ನಿಂತಾಗ ಒಂದೇ ಒಂದು ಧ್ವನಿ ಕೇಳಿಸಿತು. ಅಪ್ಪಯ್ಯನ ಅಕ್ಕ, ಕೆರಾಡಿಯ ದೊಡ್ಡತ್ತೆ. ಅವರಿಗೆ ಕಿವಿ ಸ್ವಲ್ಪ ಮಂದ, ಮಾತು ಗಟ್ಟಿ.

"ತಮ್ಮಾ, ಮಾಣಿ ಹೇಳೂದ್ ಹೌದಾ? ಊರಿಗೆಲ್ಲಾ ಹಾಕ್ದೆ, ಮಗನಿಗ್ ಹಾಕ್ಲಿಲ್ಯಾ?"

ಅಪ್ಪಯ್ಯ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, ಕೈ ತೊಳೆದು, ಹೊರಗೆ ನಡೆದರು. ಮಾವ ಗೇಟಿನವರೆಗೂ ಹೋಗಿ ಕರೆದರು. ಅಪ್ಪಯ್ಯ ಉಣ್ಣದೆ ಕುಂದಾಪುರದ ಬಸ್ ಹತ್ತಿದರು. ಅವರು ಒಂದು ಕಾರ್ಯದ ಮನೆಯಿಂದ ಉಣ್ಣದೆ ಹೋದದ್ದನ್ನು ಅಲ್ಲಿದ್ದ ಯಾರೂ ಹಿಂದೆ ಕಂಡಿರಲಿಲ್ಲ. ದೊಡ್ಡತ್ತೆಯನ್ನು ಬಿಟ್ಟರೆ, ಅಷ್ಟು ಜನರಲ್ಲಿ ಆ ಹಾಡನ್ನು ಗಂಭೀರವಾಗಿ ತೆಗೆದುಕೊಂಡವರು, ಅದು ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾಗಿದ್ದ ಅವರೊಬ್ಬರೇ. ನನಗೆ ನಾಚಿಕೆಯಾಯಿತು. ಸುಕ್ಕದ ತಟ್ಟೆಯನ್ನು ವೇದಿಕೆಯ ಮೇಲೇ ಇಟ್ಟು ಇಳಿದೆ.

ಬೆಳಿಗ್ಗೆ ಪ್ರದೀಪನ ಫೋನ್. ಕೋಟದಿಂದ, ಕೊಕ್ಕರ್ಣೆಯಿಂದ ಡಿಜೆಗಳು ಹಾಡು ಕಳಿಸು ಎಂದು ಕೇಳುತ್ತಿದ್ದಾರಂತೆ. "ಗೆದ್ದಿತ್ ಮಾರಾಯ" ಎಂದ. ಯಾರಿಗೂ ಕಳಿಸಬೇಡ, ಹಾಕಿದ ಕಡೆಯಿಂದಲೂ ಹಾಡನ್ನು ತೆಗೆದುಹಾಕು ಎಂದು ಹೇಳಿ ಹೋಟೆಲಿಗೆ ಓಡಿದೆ. ಅಡುಗೆಯವರು ಇನ್ನೂ ಬಂದಿರಲಿಲ್ಲ. ಅಪ್ಪಯ್ಯ ಒಲೆ ಹೊತ್ತಿಸಿ, ಗಂಜಿ ಬೇಯಿಸಿಟ್ಟು, ಖಾಲಿ ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಯಾವತ್ತ್ ಮಗಾ?" ಎಂದರು.

"ಎಂತದ್ ಯಾವತ್ತ್?" ಎಂದೆ.

"ನೀನ್ ಹಸ್ದ್ ಮಲ್ಕಂಡದ್ ಯಾವತ್ತ್? ರಾತ್ರಿಯಿಡೀ ನೆನಪ್ ಮಾಡ್ದೆ. ಆ ಮಳೆಗಾಲ ಕಡಲ್ ರಸ್ತಿಗೆ ಬಂತಲ, ಲಾರಿಯವ್ರೆಲ್ಲಾ ಇಲ್ಲೇ ಸಿಕ್ಕಾಕಂಡ್ರಲ. ಅವ್ರಿಗೆ ಬಡ್ಸ್ತಾ ನಾನ್ ಮನಿಗ್ ಬರ್ಲಿಲ್ಲೆ. ಅವತ್ತಾ?"

ಅವತ್ತು ನಾನು ಪಕ್ಕದ ಮನೆಯಲ್ಲಿ ಕಡುಬು ತಿಂದು, ಹೊಟ್ಟೆ ಕೆಟ್ಟು ಮಲಗಿದ್ದೆ.

"ಯಾವತ್ತೂ ಇಲ್ಲೆ ಅಪ್ಪಯ್ಯ. ಹಾಡಿಗೆ ಕಷ್ಟ ಬೇಕಿತ್ತ್. ನನ್ನತ್ರ ಇರ್ಲಿಲ್ಲೆ. ಅದ್ಕೆ ಸುಳ್ಳ್ ಬರ್ದೆ. ತಪ್ಪಾಯ್ತ್."

ಅವರು ಅಂಗೈಯಿಂದ ಮೇಜನ್ನು ಒಮ್ಮೆ ಒರೆಸಿದರು.

"ಹಸಿವೇ ಬೇಕಿದ್ರೆ ನನ್ನತ್ರ ಕೇಣ್ಲಕ್ಕಿತ್ತಲ ಮಗಾ. ಬೊಂಬಾಯಿಗ್ ಹೋದ್ ಸುರುವಿಗೆ ಹೋಟ್ಲಲ್ಲಿ ಟೇಬಲ್ ಒರ್ಸ್ತಿದ್ದೆ. ಗಿರಾಕಿ ಉಂಡ್ ಉಳ್ದದ್ದ್ ನಮ್ಗೆ. ಎಂತದೂ ಉಳಿಲಿಲ್ಲೆ ಅಂದ್ರೆ ನೀರ್ ಕುಡ್ದ್ ಮಲ್ಗೂದ್. ನಿಂಗೆ ಆ ಹಸಿವ್ ಬಪ್ಪುಕಾಗ ಅಂದೇ ಈ ಹೋಟ್ಲ್ ಹಾಕಿದ್ದ್."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ನಾನು ಕೇಳಿರಲಿಲ್ಲ. ಅವರ ಎದುರಿಗೆ ಕೂತು ಕೇಳಿದೆ, "ನಿನ್ನೆಯಿಂದ ನೀವ್ ಎಂತಾರೂ ಉಂಡ್ರ್ಯಾ?"

"ಇಲ್ಲೆ."

ಎದ್ದು ಅಡುಗೆಮನೆಗೆ ಹೋದೆ. ಅಪ್ಪಯ್ಯನಿಗೆ ಇವತ್ತು ನಾನೇ ಬಡಿಸುವುದೆಂದು ನಿಶ್ಚಯಿಸಿದ್ದೆ. ಒಂದು ಮುಚ್ಚಳ ತೆಗೆದರೆ ಬಿಸಿನೀರು. ಇನ್ನೊಂದು ತೆಗೆದರೆ ನೆನೆಹಾಕಿದ ಹುಣಸೆ. ಮೂರನೆಯದರಲ್ಲಿ ಕೈ ಸುಟ್ಟಿತು. ತಟ್ಟೆಗಳು ಎಲ್ಲಿರುತ್ತವೆಂದೂ ತಿಳಿಯಲಿಲ್ಲ. ಬಾಗಿಲಿಗೆ ಬಂದು ನಿಂತೆ.

"ಅಪ್ಪಯ್ಯ, ಗಂಜಿ ಎಲ್ಲಿತ್ತ್?"

ಅವರೇ ಎದ್ದು ಬಂದು ಇಬ್ಬರಿಗೂ ಬಡಿಸಿದರು.