ಅಕ್ಕನ ಕಣ್ಣೂ ಭಾವನ ಫೋನೂ

ಫೋನು ಬುದ್ಧಿವಂತವಾಯಿತೆಂದು ಲೋಕವು ಸಾರಿದ ದಿನದಿಂದ ನಮ್ಮ ಸೇಡಂ ಸೀಮೆಯಲ್ಲಿ ಇಂಥ ಪ್ರಸಂಗಗಳಿಗೆ ಬರವೆಂಬುದೇ ಇಲ್ಲ. ಮಿಕ್ಕ ಬರಗಳು ಬಂದು ಹೋಗುವುವು. ಇದರ ಸುಗ್ಗಿ ಮಾತ್ರ ಹನ್ನೆರಡು ತಿಂಗಳೂ ನಡೆಯುವುದು. ನಗೆಯೆಂದು ಬರೆಯಲು ಕುಳಿತಿದ್ದೇನೆ. ನಡೆಯುತ್ತಿದ್ದಾಗ ನಮ್ಮಲ್ಲಿ ಯಾರೂ ನಕ್ಕಿರಲಿಲ್ಲ.

ನನ್ನ ಅಕ್ಕ ಶಹಾಬಾದಿನಲ್ಲಿರುವವಳು. ಭಾವನು ತೀರಿಕೊಂಡ ಕೆಲವು ತಿಂಗಳಲ್ಲಿ ಅವಳ ಎಡಗಣ್ಣು ಪೊರೆ ಬಂದು ಪೂರ್ತಿ ಮುಚ್ಚಿತು. ಬಲಗಣ್ಣೂ ಅದೇ ದಾರಿ ಹಿಡಿದಿತ್ತು. "ತಡ ಮಾಡಿದರೆ ಬೆಳಕಿನ ಆಸೆಯನ್ನೇ ಬಿಡಬೇಕಾಗುವುದು" ಎಂದರು ಕಲಬುರಗಿಯ ವೈದ್ಯರು. ಶಸ್ತ್ರಕ್ರಿಯೆಗೆ ಅವಳ ಆರೋಗ್ಯ ಕಾರ್ಡು ಮತ್ತೆ ಚಾಲ್ತಿಗೆ ಬರಬೇಕು. ಕಾರ್ಡು ಚಾಲ್ತಿಗೆ ಬರಲು, ಅವಳು ಅವಳೇ ಎಂಬುದನ್ನು ಯಂತ್ರವು ಒಪ್ಪಬೇಕು. ಅದಕ್ಕೆ ಬೆರಳು, ಮುಖ, ಓಟಿಪಿ ಎಂದು ಮೂರು ಬಾಗಿಲುಗಳಿದ್ದುವು. ಯಾವುದಾದರೊಂದು ತೆರೆದರೆ ಸಾಕಿತ್ತು.

ಬೆರಳು

ಶಹಾಬಾದಿನ ಸೇವಾಕೇಂದ್ರದಲ್ಲಿ ಫೋನಿಗೆ ಬಾಲದಂತೆ ಸಿಕ್ಕಿಸಿದ ಗಾಜಿನ ಡಬ್ಬಿಯೊಂದಿತ್ತು. ಅಕ್ಕ ಅದರ ಮೇಲೆ ಹೆಬ್ಬೆರಳನ್ನು ಒತ್ತಿದಳು. ಕೆಂಪು ದೀಪ ಹೊತ್ತಿತು.

"ಅಮ್ಮಾ, ಕೈ ತೊಳ್ಕೊಂಡು ಬರ್ರಿ" ಎಂದನು ಕೇಂದ್ರದವನು. ತೊಳೆದು ಬಂದಳು. ಕೆಂಪು.

"ಜರಾ ಎಣ್ಣಿ ಹಚ್ರಿ." ಹಚ್ಚಿದಳು. ಕೆಂಪು.

"ಬ್ಯಾರೆ ಬೆರಳು ಇಡ್ರಿ." ಎರಡು ಕೈಗಳ ಬೆರಳುಗಳನ್ನೂ ಸಾಲಾಗಿ ಒಪ್ಪಿಸಿ, ಕಡೆಗೆ ಚಪ್ಪಲಿ ಬಿಡುತ್ತ, "ಕಾಲಿಂದೂ ಇಡ್ಲೇನಪ್ಪಾ?" ಎಂದು ಕೇಳಿದಳು.

ಕಾರಣವು ನನಗೆ ತಿಳಿದಿತ್ತು. ಮೊಣಕಾಲು ಸೋಲುವವರೆಗೂ ಅಕ್ಕ ಪಾಲಿಶ್ ಮಶೀನಿನ ಅಂಗಳದಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲನ್ನು ಉಜ್ಜಿದವಳು. ಕಲ್ಲು ಕನ್ನಡಿಯಾಗುವ ಹೊತ್ತಿಗೆ ಬೆರಳೂ ನುಣುಪಾಗಿತ್ತು.

ಕೇಂದ್ರದವನು ಅವಳ ಕೈಯನ್ನು ದೀಪಕ್ಕೆ ಹಿಡಿದು ನೋಡಿದನು. "ಅಮ್ಮಾ, ನಿಮ್ಮ ಬೆರಳಾಗ ಗೆರಿನೇ ಇಲ್ಲಲ್ರಿ. ಎಲ್ಲಿ ಹೋದ್ವು?"

"ನೀ ಕುರ್ಚಿ ಹಾಕ್ಕೊಂಡು ಕುಂತೀಯಲ್ಲ, ಆ ಪರಸಿ ಮ್ಯಾಲೆ ಹಚ್ಚಿ ನೋಡು ನಿನ್ನ ಡಬ್ಬಿ" ಎಂದಳು ಅಕ್ಕ. "ನನ್ನ ಗೆರಿ ಅಲ್ಲೇ ಅವ."

ಮುಖ

ಎರಡನೆಯ ಬಾಗಿಲನ್ನು ಮನೆಯಲ್ಲಿಯೇ ತೆರೆಯಬಹುದೆಂದು ತಿಳಿಯಿತು. ಅಕ್ಕನ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ನನ್ನ ಫೋನನ್ನು ಅವಳ ಮೋರೆಗೆ ಹಿಡಿದೆನು. ತೆರೆಯ ಮೇಲೊಂದು ವೃತ್ತ ಮೂಡಿತು. ಮುಖವನ್ನು ಅದರೊಳಗಿಟ್ಟು ಕಣ್ಣು ಮಿಟುಕಿಸಬೇಕೆಂದು ಅಪ್ಪಣೆಯಾಯಿತು.

"ಅಕ್ಕಾ, ವೃತ್ತ ಕಾಣಸ್ತದೇನು?"

"ನೀನೇ ಕಾಣವಲ್ಲಿ."

ಹಣೆಯ ತುಂಬ ಮೂರು ಬೆರಳಿನ ವಿಭೂತಿಯಿತ್ತು. ಅದನ್ನು ತುಸು ಒರೆಸಿಕೊಂಡರೆ ಯಂತ್ರಕ್ಕೆ ಅನುಕೂಲವಾದೀತೇನೋ ಎಂದು ನಾನು ಸಂಕೋಚದಿಂದಲೇ ಹೇಳಿದೆನು.

"ಶಿವಗ ಗುರ್ತ ಸಿಗಲಿ ಅಂತ ಹಚ್ಕೊಂಡಿದ್ದು ತಮ್ಮಾ. ಫೋನಿಗಿ ಗುರ್ತ ಸಿಗಲಿ ಅಂತ ಒರಸ್ಕೊಳ್ಳಂಗಿಲ್ಲ."

ಅಷ್ಟರಲ್ಲಿ ಫೋನು "ಕಣ್ಣು ತೆರೆಯಿರಿ" ಎಂದಿತು. ಅಕ್ಕನ ಕಣ್ಣುಗಳು ಅಗಲವಾಗಿ ತೆರೆದೇ ಇದ್ದುವು. ಪೊರೆ ಕಟ್ಟಿದ ಕಣ್ಣು ಯಂತ್ರಕ್ಕೆ ಕಣ್ಣೆಂದು ತೋರದು. ಕಣ್ಣು ಬರಬೇಕಾದರೆ ಕಾರ್ಡು ಬೇಕು. ಕಾರ್ಡು ಬರಬೇಕಾದರೆ ಕಣ್ಣು ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಪರಿಹಾರವಿಲ್ಲ. ನಾನು ಬೆಳಕಿಗೆಂದು ಎರಡು ಹೆಜ್ಜೆ ಹಿಂದೆ ಸರಿದೆನು. ಒಡನೆಯೇ ಫೋನು ಹೊಸದೊಂದು ಆಕ್ಷೇಪವನ್ನೆತ್ತಿತು: "ಒಂದಕ್ಕಿಂತ ಹೆಚ್ಚು ಮುಖಗಳಿವೆ."

"ಯಾರ್ ಬಂದ್ರು?" ಎಂದಳು ಅಕ್ಕ.

ಯಾರೂ ಬಂದಿರಲಿಲ್ಲ. ಅವಳ ಹಿಂದೆ ಗೋಡೆಯ ಮೇಲೆ ಹಾರ ಹಾಕಿದ ಭಾವನ ಪಟವಿತ್ತು. ಹಾಗೆಂದು ತಿಳಿಸಿದೆನು. ಅವಳು ಗೋಡೆಯ ಕಡೆಗೆ ತಿರುಗಿ ಹೇಳಿದಳು:

"ಇದ್ದಾಗ ಒಂದಿನ ನನ್ನ ಬಾಜು ಕುಂತು ಫೋಟೋ ತಗಿಸ್ಕೊಂಡವರಲ್ಲ. ಈಗ ಬಂದಾರ ನೋಡು, ಬ್ಯಾಡಂದಾಗ."

ಅಂಚೆ

ಇನ್ನು ಮೇಲಿನವರಿಗೇ ಬಿನ್ನವಿಸಿಕೊಳ್ಳುವುದು ಯುಕ್ತವೆಂದು ಕಾರ್ಡಿನ ಕಚೇರಿಯ ಈಮೇಲ್ ವಿಳಾಸಕ್ಕೆ ವಿಸ್ತಾರವಾದ ಪತ್ರವೊಂದನ್ನು ಬರೆದೆನು. ಅಕ್ಕನ ಬೆರಳು ಸವೆದ ಬಗೆ, ಕಣ್ಣಿನ ಸ್ಥಿತಿ, ವೈದ್ಯರ ಎಚ್ಚರಿಕೆ, ಒಂದನ್ನೂ ಬಿಡಲಿಲ್ಲ. ಕಳುಹಿಸಿ ಕನ್ನಡಕ ತೆಗೆದಿಡುವುದರೊಳಗೆ ಉತ್ತರ ಬಂದಿತು: "ನಿಮ್ಮ ಪತ್ರ ತಲುಪಿದೆ. ನಿಮ್ಮ ಕಾಳಜಿ ನಮಗೆ ಅಮೂಲ್ಯ."

ಇಂಥ ಚುರುಕು ಅಧಿಕಾರಿಗಳು ಈ ಕಾಲದಲ್ಲಿಯೂ ಇರುವರೇ ಎಂದು ನನಗೆ ಕಣ್ಣು ತುಂಬಿ ಬಂದಿತು. ವಂದನೆಗಳನ್ನು ಬರೆದೆನು. ನನ್ನ ವಂದನೆಗಳು ತಲುಪಿದುವೆಂದೂ ಅವು ಅಮೂಲ್ಯವೆಂದೂ ಉತ್ತರ ಬಂದಿತು. ಆ ಮಹನೀಯರ ಮನೆಮಂದಿಯ ಕ್ಷೇಮವನ್ನು ವಿಚಾರಿಸಿದೆನು. ಅದೂ ಅಮೂಲ್ಯವಾಗಿತ್ತು. ಹೀಗೆ ಕೆಲವು ವಾರ ನಮ್ಮ ಸ್ನೇಹ ಬೆಳೆಯಿತು; ಅಕ್ಕನ ಬಲಗಣ್ಣು ಇನ್ನಷ್ಟು ಮಂಜಾಯಿತು.

ವಾಡಿಯಲ್ಲಿ ನನಗೊಬ್ಬ ಗೆಳೆಯನಿರುವನು, ರೈಲ್ವೆಯಿಂದ ನಿವೃತ್ತನಾದವನು. ಅವನಿಗೆ ಈ ಪತ್ರವ್ಯವಹಾರವನ್ನು ಹೆಮ್ಮೆಯಿಂದ ತೋರಿಸಿದೆನು. ಅವನು ಓದಿ ಓದಿ ಹಣೆ ಒತ್ತಿಕೊಂಡನು.

"ಗುರುಗಳೆ, ಇದು ಮನಷ್ಯಾ ಅಲ್ರಿ, ಮಷಿನ್. ನಮ್ಮ ವಾಡಿ ಟೇಸನ್ದಾಗ 'ಯಾತ್ರಿಕರೇ ಗಮನಿಸಿ' ಅಂತದಲ್ಲ, ಅದರ ಖಾಸ ತಮ್ಮ ಇದು. ಅದಕ್ಕರೆ ಕೈ ಮುಗಿತೀರೇನು?"

"ಅದಕ್ಕೆ ಮುಗಿಯಬಹುದು" ಎಂದೆನು. "ಅದಾದರೂ ಗಾಡಿ ತಡವೆಂದು ನಿಜ ಹೇಳುವುದು."

ಓಟಿಪಿ

ಉಳಿದದ್ದು ಮೂರನೆಯ ಬಾಗಿಲು. ಕಾರ್ಡಿಗೆ ಜೋಡಿಸಿದ ನಂಬರಿಗೆ ಕೆಲವು ಅಂಕಿಗಳು ಬರುವುವು. ಅವನ್ನು ಹೇಳಿದರೆ ಮುಗಿಯಿತು. ಆ ನಂಬರು ಭಾವನದು.

ಭಾವನು ಊಟದ ತಟ್ಟೆಯ ಮುಂದೆಯೂ ಫೋನನ್ನು ಬಿಟ್ಟವನಲ್ಲ. ನಮ್ಮಲ್ಲಿ ದೇಹವನ್ನು ಸುಡುವ ಪದ್ಧತಿಯಿಲ್ಲ. ಗುಂಡಿಯಲ್ಲಿ ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ವಿಭೂತಿ ಪತ್ರಿಗಳಿಂದ ಮುಚ್ಚಿ ಮಣ್ಣು ಕೊಡುವರು. ಆ ಹೊತ್ತಿನಲ್ಲಿ ಚಿಂಚೋಳಿಯ ಕಾಡಂಚಿನ ಊರಿನಿಂದ ಬಂದಿದ್ದ ಭಾವನ ಜೀವದ ಗೆಳೆಯನು, "ಇದಿಲ್ಲಂದ್ರ ನನ್ನ ದೋಸ್ತ್ ಹ್ಯಾಂಗ ಕುಂತಾನು?" ಎಂದು ಅಳುತ್ತ, ಫೋನನ್ನು ತಾನೇ ಭಾವನ ಅಂಗಿಯ ಜೇಬಿಗಿಟ್ಟನು. ಯಾರೂ ತಡೆಯಲಿಲ್ಲ. ಆಗ ಅದು ನಮಗೆಲ್ಲ ಸರಿಯಾಗಿಯೇ ತೋರಿತ್ತು.

ಸೇವಾಕೇಂದ್ರದವನಿಗೆ ಇದೊಂದೂ ಗೊತ್ತಿಲ್ಲ. ತನ್ನ ಯಂತ್ರದ ಗುಂಡಿಯೊತ್ತಿ, "ಅಂಕಿ ಬಂದಿರ್ತಾವ, ಹೇಳ್ರಿ ಅಮ್ಮಾ" ಎಂದನು.

"ಫೋನ್ ನಮ್ಮ ಯಜಮಾನ್ರ ಹಂತ್ಯಾಕ ಅದ" ಎಂದಳು ಅಕ್ಕ.

"ಅವರೆಲ್ಲಿ ಅದಾರ?"

"ಊರ ಹೊರಗ. ಕುಂತಾರ."

"ಮತ್ತ ಯಾರರೆ ಹೋಗಿ ನೋಡ್ಕೊಂಡು ಬರ್ರಿ!"

ನಾನು ಅವನ ಕಿವಿಯಲ್ಲಿ ಸಂಗತಿಯನ್ನು ತಿಳಿಸಿದೆನು. ಅವನು ಎದ್ದು ನಿಂತು ಕೈ ಮುಗಿದು, ಒಂದು ಗಳಿಗೆ ಕಣ್ಣು ಮುಚ್ಚಿದನು. ಒಳ್ಳೆಯ ಮನುಷ್ಯ. ಬಳಿಕ ಕಣ್ಣು ತೆರೆದು, ತೆರೆಯನ್ನು ನೋಡಿ, ತನ್ನ ಕರ್ತವ್ಯವನ್ನೂ ಮರೆಯದೆ ಹೇಳಿದನು:

"ಭಾಳ ಕೆಟ್ಟದ್ದಾಯ್ತ್ರಿ. ಆದ್ರ ಈ ಓಟಿಪಿ ಹತ್ತೇ ನಿಮಿಷ ಇರ್ತದ. ಅಷ್ಟರಾಗ ತಗಿಲಾಕ ಆಗ್ತದೇನು?"

ಕರೆ

ಬಂಧುಗಳಲ್ಲಿ ಒಬ್ಬಿಬ್ಬರು ಗುದ್ದಲಿಯ ಮಾತನ್ನೂ ಆಡಿದರು. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: "ನನ್ನ ಕಣ್ಣು ಹೋದ್ರ ಹೋಗ್ಲಿ. ಕುಂತವರಿಗಿ ಎಬ್ಬಸಬ್ಯಾಡ್ರಿ."

ದಾರಿ ತೋರಿದವನು ಚಿತ್ತಾಪುರದ ಮೊಬೈಲ್ ಅಂಗಡಿಯವನು. ಭಾವನ ಮರಣ ಪ್ರಮಾಣಪತ್ರವನ್ನು ಕೊಟ್ಟರೆ ಅದೇ ನಂಬರನ್ನು ಹೊಸ ಸಿಮ್ಮಿನಲ್ಲಿ ಹೆಂಡತಿಯ ಹೆಸರಿಗೆ ಪಡೆಯಬಹುದೆಂದನು. ಕೊಟ್ಟೆವು, ಅಲೆದೆವು, ಕಾದೆವು. ಕಡೆಗೊಂದು ಮಧ್ಯಾಹ್ನ ಅಕ್ಕನ ಹೊಸ ಫೋನಿನಲ್ಲಿ ಆ ಅಂಕಿಗಳು ಬಂದುವು. ಕಾರ್ಡೂ ಬಂದಿತು. ಎಡಗಣ್ಣಿಗೆ ಕಾಲ ಮೀರಿತ್ತು. ಬಲಗಣ್ಣನ್ನು ವೈದ್ಯರು ಉಳಿಸಿಕೊಟ್ಟರು.

ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ನನ್ನನ್ನು ದಿಟ್ಟಿಸಿದಳು. "ಏ ತಮ್ಮಾ, ಇಷ್ಟ್ ಮುದುಕಾಗೀದಿ?" ಎಂದಳು. ಬಳಿಕ ಫೋನನ್ನು ನನ್ನ ಕೈಗೆ ಕೊಟ್ಟು, "ಚಿಂಚೋಳಿ ಅಣ್ಣಗ ಹಚ್ಚಿ ಕೊಡು. ಆಪರೇಷನ್ ಏನಾಯ್ತೋ ಅಂತ ಜೀವ ಹಿಡ್ಕೊಂಡು ಕುಂತಿರ್ತಾನ" ಎಂದಳು.

ಹಚ್ಚಿದೆನು, ಮಾತು ಎಲ್ಲರಿಗೂ ಕೇಳುವಂತೆ ದನಿಯನ್ನು ಹೊರಗೆ ಬಿಟ್ಟೆನು. ಕರೆಯು ಯಾವ ನಂಬರಿನಿಂದ ಹೋಗುತ್ತಿದೆಯೆಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಅತ್ತ ಅವನ ತೆರೆಯ ಮೇಲೆ ಭಾವನ ಹೆಸರು ಮೂಡಿದೆ. ಆ ಫೋನನ್ನು ಮಣ್ಣಿಗೆ ಒಪ್ಪಿಸಿದ್ದು ಅವನದೇ ಕೈ. ಎತ್ತಿದನು. ಬಹಳ ಹೊತ್ತು ಬರಿಯ ಉಸಿರು ಕೇಳಿತು. ಆಮೇಲೆ, ಮಗುವನ್ನು ಎಬ್ಬಿಸುವವನಂತೆ ಮೆಲ್ಲಗೆ:

"ದೋಸ್ತಾ... ನಮ್ಮೂರಾಗ ಗುಡ್ಡ ಹತ್ತಿದ್ರ ಮಾತ್ರ ರೇಂಜ್ ಸಿಗ್ತದ. ನಿನಗ ಅಲ್ಲಿ ಹ್ಯಾಂಗ ಸಿಕ್ತೋ?"

ಅಕ್ಕ ಗಾಬರಿಗೊಂಡು ಫೋನನ್ನು ಕಸಿದುಕೊಂಡಳು. "ಅಣ್ಣಾ, ಅವರಲ್ಲ, ನಾನು! ನಾ ಮಾತಾಡ್ಲಾಕತ್ತೀನಿ!"

ಅತ್ತ ಕಡೆಯಿಂದ ಒಂದು ಆರ್ತನಾದವೆದ್ದಿತು. ಆಸ್ಪತ್ರೆಯ ಆ ಕೋಣೆಯಲ್ಲಿದ್ದವರೆಲ್ಲರೂ ತಿರುಗಿ ನೋಡಿದರು.

"ಅಯ್ಯೋ ತಂಗೀ, ನೀನೂ ಅಲ್ಲಿಗೇ ಹೋದಿಯೇನವ್ವಾ! ಬರೇ ಕಣ್ಣಿಂದು ಆಪರೇಷನ್ ಅಂದಿದ್ರಲ್ಲ!"